ಕಡಲಡಿಯ ಮಂಗಳೂರು ಹೆಂಚು

ಮುಳುಗು ಎಂಬ ಕನ್ನಡ ಧಾತುವಿಗೆ ಎರಡು ಮುಖಗಳುಂಟು. ಸಂಕ್ರಾಂತಿಯ ದಿನ ಹೊಳೆಯಲ್ಲಿ ಮೂರು ಸಲ ಮುಳುಗಿ ಎದ್ದೆನೆಂದು ಒಬ್ಬರು ಹೇಳಿದರೆ ಕೇಳಿದವರಿಗೆ ಸಂತೋಷವಾಗುತ್ತದೆ. ಅದೇ ವಾಕ್ಯವನ್ನು ‘ಮುಳುಗಿದ’ ಎಂಬಲ್ಲಿಗೆ ನಿಲ್ಲಿಸಿಬಿಟ್ಟರೆ ಮನೆಯಲ್ಲಿ ಗೋಳು ಏಳುತ್ತದೆ. ಇಂಗ್ಲಿಷಿನವರು ಇದಕ್ಕೆ ಬೇರೆ ಬೇರೆ ಶಬ್ದಗಳನ್ನಿಟ್ಟುಕೊಂಡಿದ್ದಾರೆ: ಹಡಗಿಗೊಂದು, ಸಾಯುವವನಿಗೊಂದು, ತಾನಾಗಿಯೇ ನೀರಿಗಿಳಿಯುವವನಿಗೊಂದು. ನಮ್ಮಲ್ಲಿ ಮೂವರಿಗೂ ಒಂದೇ. ಇದನ್ನು ಭಾಷೆಯ ಬಡತನವೆಂದು ನಾನು ಎಣಿಸುವುದಿಲ್ಲ. ನೀರು ಈ ಮೂವರಲ್ಲಿ ಭೇದವೆಣಿಸುವುದಿಲ್ಲವಷ್ಟೆ.

ಇಂದು ನಾನು ಹೇಳಹೊರಟಿರುವುದು ಮುಳುಗಿದ ಹಡಗುಗಳನ್ನು ನೋಡುವುದಕ್ಕಾಗಿ ತಾವೂ ಮುಳುಗಿ ಏಳುವ ಜನರ ವಿಷಯವನ್ನು. ಗೋಕಾಕದ ಮೇಷ್ಟರಿಗೂ ಕಡಲಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ನಮ್ಮದು ಹೊಳೆ, ಕಾಲುವೆ, ಬಾವಿಗಳ ನಾಡು. ಆದರೆ ನೀರೊಳಗೆ ಹೋದ ವಸ್ತುವಿನ ಮೇಲಿನ ಕುತೂಹಲ ನಮಗೇನೂ ಕಡಿಮೆಯಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಚೆನ್ನಾಗಿ ಇಳಿದ ವರ್ಷ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಲು ಜನ ಸಾಲುಗಟ್ಟಿ ಹೋಗುತ್ತಾರೆ. ಬೇರೆಲ್ಲಿಯೋ ಇರುವ, ಇದಕ್ಕಿಂತ ದೊಡ್ಡ ಗುಡಿಗಳಿಗೆ ಹೋಗದವರೂ ಇಲ್ಲಿಗೆ ಹೋಗುತ್ತಾರೆ. ನೀರಿನಲ್ಲಿದ್ದು ಬಂದ ಕಲ್ಲಿಗೆ ಒಂದು ಆಕರ್ಷಣೆಯುಂಟು. ಇನ್ನು ಬಾವಿಯ ಸಂಗತಿ. ಮೂಡಲಗಿಯ ಕಡೆ ಹಳೆಯ ಓಣಿಗಳಲ್ಲಿ ಯಾರದಾದರೂ ಒಂದು ಮನೆಯಲ್ಲಿ ಪಾತಾಳಗರಡಿ ಇದ್ದೇ ಇರುತ್ತಿತ್ತು. ಕಬ್ಬಿಣದ ಬಳೆಗೆ ಹತ್ತಾರು ಕೊಕ್ಕೆಗಳನ್ನು ತೂಗಹಾಕಿದ ಆ ಸಾಧನವನ್ನು ಹಗ್ಗಕ್ಕೆ ಕಟ್ಟಿ ಬಾವಿಗಿಳಿಸಿ, ಬಿದ್ದ ಕೊಡವನ್ನು ತಡಕಾಡಿ ಮೇಲೆತ್ತುತ್ತಿದ್ದರು. ಅದಕ್ಕೂ ಸಿಗದಿದ್ದರೆ ಒಬ್ಬ ಗಟ್ಟಿ ಹುಡುಗ ಉಸಿರು ಬಿಗಿಹಿಡಿದು ಇಳಿಯಬೇಕು. ಈ ಪಾತಾಳಗರಡಿಯನ್ನು ತಾವು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಕೆಲಸ ಬೀಳುತ್ತದೆ.

ನಮ್ಮ ಕಾವ್ಯದಲ್ಲಿಯೂ ನೀರೊಳಗೆ ವಾಸಮಾಡಿದ ಒಬ್ಬ ಮಹಾಪುರುಷನಿದ್ದಾನೆ. ಘಟಪ್ರಭೆ ಗೋಕಾಕವನ್ನು ದಾಟಿ ಮೂಡಲಗಿಯ ಸೀಮೆಯನ್ನು ಹಾಯ್ದು ಮುಧೋಳಕ್ಕೆ ಹೋಗುತ್ತಾಳಷ್ಟೆ. ಆ ಮುಧೋಳದ ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗುತ್ತಾನೆ. ದಡದಲ್ಲಿ ನಿಂತು ಭೀಮನು ಗರ್ಜಿಸಿದಾಗ, ನೀರೊಳಗಿದ್ದೂ ಕೌರವನು ಬೆವರಿದನೆಂದು ಕವಿ ಹೇಳುತ್ತಾನೆ. ಈ ಪದ್ಯವನ್ನು ಪಾಠ ಮಾಡುವಾಗ ಹುಡುಗರು ತಪ್ಪದೆ ನಗುತ್ತಾರೆ, ನಗಬೇಕಾದದ್ದೇ. ಭೌತಶಾಸ್ತ್ರದ ಮೇಷ್ಟರನ್ನು ಕೇಳಿದರೆ ಅವರು ಇನ್ನೂ ಎರಡು ಆಕ್ಷೇಪಣೆ ತೆಗೆಯುತ್ತಾರೆ. ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿನ ಮೇಲ್ಮೈಗೆ ಬಡಿದು ಬಹುಪಾಲು ಹಿಂದಕ್ಕೆ ಹೋಗುತ್ತದೆ, ಒಳಗೆ ಇಳಿಯುವುದು ಬಹಳ ಅಲ್ಪ. ಇಳಿದ ಸದ್ದು ನೀರಿನಲ್ಲಿ ಗಾಳಿಯಲ್ಲಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಿಂದ ಓಡುವುದರಿಂದ ಯಾವ ದಿಕ್ಕಿನಿಂದ ಬಂತೆಂಬುದು ಕಿವಿಗೆ ತಿಳಿಯದು. ಭೀಮನ ಗರ್ಜನೆಗೆ ಈ ಲೆಕ್ಕವನ್ನು ಹಿಡಿಯಬಾರದೆಂದು ನಾನು ಅವರಿಗೆ ಉತ್ತರ ಕೊಟ್ಟಿದ್ದೇನೆ.

ಆದರೆ ಇಂದು ಮನುಷ್ಯನು ಮಂತ್ರವಿಲ್ಲದೆ ನೀರೊಳಗೆ ಗಂಟೆಗಟ್ಟಲೆ ಇರಬಲ್ಲ. 1943ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನಲ್ಲಿ ಝಾಕ್ ಕೂಸ್ತೋ ಎಂಬ ನೌಕಾಧಿಕಾರಿಯೂ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರನೂ ಸೇರಿ ಒಂದು ಚಿಕ್ಕ ಕವಾಟವನ್ನು ಸಿದ್ಧಪಡಿಸಿದರು. ಪೆಟ್ರೋಲಿನ ಅಭಾವದಲ್ಲಿ ಮೋಟಾರನ್ನು ಅಡುಗೆ ಅನಿಲದಿಂದ ಓಡಿಸಲೆಂದು ಗಾನ್ಯಾನ್ ಮಾಡಿದ್ದ ಕವಾಟವೇ ಅದರ ಮೂಲ. ಬೆನ್ನಿನ ಸಿಲಿಂಡರಿನಲ್ಲಿ ಬಿಗಿದಿಟ್ಟ ಗಾಳಿಯನ್ನು, ಮುಳುಗಿದವನು ಉಸಿರೆಳೆದಾಗ ಮಾತ್ರ, ಅವನ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಅದು ಬಿಟ್ಟುಕೊಡುತ್ತದೆ. ಈ ವಿದ್ಯೆಗೆ ಈಗ ಸ್ಕೂಬಾ ಎಂದು ಹೆಸರು. ಐದು ಇಂಗ್ಲಿಷ್ ಶಬ್ದಗಳ ಮೊದಲಕ್ಷರ ಕೂಡಿಸಿದ ಶಬ್ದವದು. ನೀರೊಳಗೆ ಉಸಿರಾಡಲು ತಾನೇ ಹೊತ್ತೊಯ್ಯುವ ಸಾಧನ ಎಂದು ಭಾವಾರ್ಥ. ಸಿಲಿಂಡರಿನಲ್ಲಿರುವುದು ಆಸ್ಪತ್ರೆಯ ಆಮ್ಲಜನಕವೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಾವೂ ತಾವೂ ಉಸಿರಾಡುವ ಸಾಮಾನ್ಯ ಗಾಳಿಯನ್ನೇ ಸೋಸಿ, ತೇವ ತೆಗೆದು, ಸುಮಾರು 200 ಪಟ್ಟು ಅದುಮಿ ತುಂಬಿರುತ್ತಾರೆ. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ ಹೀಗೆ 2,400 ಲೀಟರ್ ಗಾಳಿ ಹಿಡಿಯುತ್ತದೆ. ಶಾಂತವಾಗಿ ಉಸಿರಾಡುವವನಿಗೆ ನಿಮಿಷಕ್ಕೆ 20 ಲೀಟರ್ ಎಂದಿಟ್ಟುಕೊಂಡರೆ ನೆಲದ ಮೇಲೆ ಎರಡು ಗಂಟೆ. ಹತ್ತು ಮೀಟರ್ ಆಳದಲ್ಲಿ ಒಂದೇ ಗಂಟೆ. ಮೂವತ್ತು ಮೀಟರಿನಲ್ಲಿ ಅರ್ಧ ಗಂಟೆ. ಹೆದರಿದವನಿಗೆ, ಚಳಿಗೆ ನಡುಗುವವನಿಗೆ, ಇನ್ನೂ ಬೇಗ ಮುಗಿಯುತ್ತದೆ.

ಈ ಲೆಕ್ಕದ ಹಿಂದೆ ಇರುವುದು ಹೈಸ್ಕೂಲಿನ ಪಾಠವೇ. ಹತ್ತು ಮೀಟರ್ ನೀರಿನ ತೂಕ ನಮ್ಮ ತಲೆಯ ಮೇಲಿರುವ ಇಡೀ ವಾಯುಮಂಡಲದ ತೂಕಕ್ಕೆ ಸಮ. ಆದುದರಿಂದ ಹತ್ತು ಮೀಟರ್ ಇಳಿದವನ ಮೇಲೆ ಒತ್ತಡ ಎರಡರಷ್ಟು, ಇಪ್ಪತ್ತಕ್ಕೆ ಮೂರರಷ್ಟು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ಇದನ್ನು ಕರಿಹಲಗೆಯ ಮೇಲೆ ಬರೆಯುವುದು ಸುಲಭ, ಎದೆಗೂಡಿನಲ್ಲಿ ಅನುಭವಿಸುವುದು ಬೇರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಕ್ಕೇರಿಯ ಕಡೆಯವನು. ಕನ್ನಡದಲ್ಲಿ ಅಷ್ಟಕ್ಕಷ್ಟೆ ಇದ್ದ. ಈಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಈಗ ಅವನು ಮುರ್ಡೇಶ್ವರದಲ್ಲಿದ್ದು ನೇತ್ರಾಣಿ ದ್ವೀಪಕ್ಕೆ ಬರುವವರಿಗೆ ಸ್ಕೂಬಾ ಕಲಿಸುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದ. ಬಾವಿಯಲ್ಲಿ ಕಲಿತ ಈಸು ಅಲ್ಲಿ ಉಪಯೋಗವಾಯಿತೇನಪ್ಪಾ ಎಂದು ಕೇಳಿದೆ.

“ಅದನ್ನ ಮರಿಯಾಕನ ಆರು ತಿಂಗಳು ಹಿಡೀತರೀ ಗುರುಗಳ” ಎಂದ. “ಬಾವ್ಯಾಗ ಉಸಿರು ಹಿಡಿದಾವ ಶೂರ. ಅಲ್ಲಿ ಉಸಿರು ಹಿಡಿದಾವ ಸತ್ತಂಗ.”

ಈ ಮಾತು ಒಗಟಿನಂತೆ ಕೇಳಿಸುತ್ತದೆ, ಆದರೆ ಅಕ್ಷರಶಃ ಸತ್ಯ. ಬಾವಿಗೆ ಹಾರುವ ಹುಡುಗ ಮೇಲಿನ ಗಾಳಿಯನ್ನು ತುಂಬಿಕೊಂಡು ಇಳಿಯುತ್ತಾನೆ. ಕೆಳಗೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರು ಹೊತ್ತವನು ಕೆಳಗೆ ಇದ್ದುಕೊಂಡೇ, ಅಲ್ಲಿನ ಒತ್ತಡದ ಗಾಳಿಯನ್ನು ಎದೆತುಂಬ ಎಳೆಯುತ್ತಾನೆ. ಹತ್ತು ಮೀಟರಿನಲ್ಲಿ ಹಾಗೆ ಎಳೆದು, ಗಾಬರಿಯಿಂದ ಬಾಯಿ ಬಿಗಿದು ಮೇಲಕ್ಕೆ ಚಿಮ್ಮಿದನೆನ್ನಿ. ಒಂದು ಎದೆಯಷ್ಟಿದ್ದ ಗಾಳಿ ಎರಡು ಎದೆಯಷ್ಟಾಗುತ್ತದೆ. ಇರುವುದು ಒಂದೇ ಎದೆ. ಪುಪ್ಪುಸ ಹರಿಯುತ್ತದೆ. ಆದ್ದರಿಂದಲೇ ಈ ವಿದ್ಯೆಯ ಮೊದಲ ಪಾಠ: ಉಸಿರು ಕಟ್ಟಬೇಡ, ಆಡುತ್ತಲೇ ಇರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಹಡಗು ಹೆಚ್ಚು ಆಳದಲ್ಲಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಜನ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಮೂವತ್ತರಿಂದ ಇಪ್ಪತ್ತು ಮೀಟರಿಗೆ ಏರುವಾಗ ಗಾಳಿ ಮೂರನೆಯ ಒಂದು ಭಾಗ ಮಾತ್ರ ಹಿಗ್ಗುತ್ತದೆ. ಹತ್ತರಿಂದ ಮೇಲ್ಮೈಗೆ ಬರುವಾಗ ಇಮ್ಮಡಿಯಾಗುತ್ತದೆ. ಹಾಗಾದರೆ ಎದೆಗೆ ಗಂಡಾಂತರವಿರುವುದು ಮೇಲಿನ ಹತ್ತು ಮೀಟರಿನಲ್ಲಿಯೇ ಹೆಚ್ಚು. ಆಳದ ಅಪಾಯ ಬೇರೆ ಬಗೆಯದು: ಬಹಳ ಹೊತ್ತು ಆಳದಲ್ಲಿದ್ದವನ ರಕ್ತದಲ್ಲಿ ಸಾರಜನಕ ಕರಗಿರುತ್ತದೆ, ಸರ್ರನೆ ಮೇಲೆ ಬಂದರೆ ಗೋಲಿಸೋಡಾದ ಗೋಲಿ ಒತ್ತಿದಾಗ ಬುರುಗು ಏಳುವಂತೆ ಅದು ಗುಳ್ಳೆಗಟ್ಟುತ್ತದೆ. ಅದಕ್ಕಾಗಿ ನಿಮಿಷಕ್ಕೆ ಒಂಬತ್ತು ಹತ್ತು ಮೀಟರಿಗಿಂತ ಬೇಗ ಏರುವುದಿಲ್ಲ, ಐದು ಮೀಟರಿನ ಹತ್ತಿರ ಮೂರು ನಿಮಿಷ ನಿಂತೇ ಬರುತ್ತಾರೆ. ಹವ್ಯಾಸಕ್ಕೆ ಇಳಿಯುವವರಿಗೆ ವಿಶೇಷ ತರಬೇತಿಯಾದ ಮೇಲೂ 40 ಮೀಟರೇ ಕೊನೆಯ ಗೆರೆ. ನಮ್ಮ ಗೋಕಾಕ ಜಲಪಾತದ ಎತ್ತರ 52 ಮೀಟರ್. ಅದರ ಮುಕ್ಕಾಲು ಎತ್ತರದಷ್ಟು ನೀರೊಳಗೆ ಇಳಿದರೆ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ.

ಪ್ರತಿ ಬೇಸಿಗೆಯಲ್ಲಿ ನಮ್ಮ ಕಾಲುವೆಗಳಲ್ಲಿ, ಕೃಷಿ ಹೊಂಡಗಳಲ್ಲಿ, ಹೊಳೆಯ ಮಡುಗಳಲ್ಲಿ ಶಾಲೆಯ ಮಕ್ಕಳು ಹೋಗುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಅದರ ಮೇಲೆ, ಪಂಕ್ಚರ್ ಅಂಗಡಿಯ ಗಾಳಿಯಂತ್ರಕ್ಕೆ ಕೊಳವೆ ಸಿಕ್ಕಿಸಿ ಬಾವಿಗೆ ಇಳಿಯುವ ಸಾಹಸವನ್ನು ಯಾರೂ ಮಾಡಬಾರದು. ಆ ಗಾಳಿಯಲ್ಲಿ ಎಣ್ಣೆಯ ಹಬೆ, ಎಂಜಿನಿನ ವಿಷದ ಹೊಗೆ ಎರಡೂ ಬೆರೆಯುವ ಸಂಭವವುಂಟು. ಇಳಿದವನಿಗೆ ಮೇಲೆ ಬರುವ ನಿಯಮವೂ ತಿಳಿದಿರುವುದಿಲ್ಲ. ರೇಡಿಯೋ ಕೇಳುವ ಮನೆಗಳ ತಾಯಿತಂದೆಗಳು ಇದನ್ನು ಮಕ್ಕಳಿಗೆ ಒಂದು ಸಲ ಬಿಡಿಸಿ ಹೇಳಬೇಕು.

ಇನ್ನು ಚಳಿಯ ಮಾತು. ಮುಳುಗಿದ ಹಡಗುಗಳನ್ನು ನೋಡುವ ಹವ್ಯಾಸ ಬಲವಾಗಿ ಬೆಳೆದಿರುವುದು ಉತ್ತರದ ತಣ್ಣನೆಯ ಕಡಲುಗಳಲ್ಲಿ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್‌ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಿದೆ. ಮೊದಲನೆಯ ಮಹಾಯುದ್ಧ ನಿಂತ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ಅಲ್ಲಿ ತಡೆದಿಟ್ಟಿದ್ದರು. 1919ರ ಜೂನ್ 21ರಂದು, ಹಡಗುಗಳು ಶತ್ರುವಿನ ಪಾಲಾಗಬಾರದೆಂದು ಜರ್ಮನ್ ನೌಕಾಧಿಪತಿಯೇ ಅಪ್ಪಣೆ ಕೊಟ್ಟು ಅವುಗಳ ತಳದ ಕವಾಟಗಳನ್ನು ತೆರೆಸಿದ. ಒಂದೇ ದಿನ 52 ಹಡಗುಗಳು ತಳ ಸೇರಿದವು. ಬಹುಪಾಲನ್ನು ಆಮೇಲೆ ಎತ್ತಿ ಗುಜರಿಗೆ ಹಾಕಿದರು. ಏಳು ದೊಡ್ಡವು ಇಂದಿಗೂ ಅಲ್ಲಿಯೇ ಒರಗಿವೆ. ಅವಲ್ಲದೆ, ಶತ್ರುವಿನ ಜಲಾಂತರ್ಗಾಮಿಗಳು ನುಸುಳದಂತೆ ಕೊಲ್ಲಿಯ ಕಂಡಿಗಳಿಗೆ ಅಡ್ಡಲಾಗಿ ಬ್ರಿಟಿಷರೇ ಬೇಕೆಂದು ಮುಳುಗಿಸಿದ ಹಳೆಯ ಹಡಗುಗಳೂ ಇವೆ. ಇವು ಹೆಚ್ಚು ಆಳದಲ್ಲಿಲ್ಲ. ಮುಳುಗುಗಾರರು ಹಗಲಿನ ಬೆಳಕಿನಲ್ಲಿಯೇ ಅವುಗಳ ಒಡಲೊಳಗೆ ಹಾಯ್ದು ಬರುತ್ತಾರೆ.

ಆದರೆ ನೀರು! ಅಲ್ಲಿನ ಬೇಸಿಗೆಯಲ್ಲಿಯೂ ಹದಿಮೂರು ಹದಿನಾಲ್ಕು ಡಿಗ್ರಿಗಿಂತ ಮೇಲೇರದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಕದಿಯುತ್ತದೆ. ತಣ್ಣೀರಿಗೆ ಥಟ್ಟನೆ ಬಿದ್ದವನು ತನಗೆ ತಿಳಿಯದೆಯೇ ಏದುಸಿರು ಬಿಡುತ್ತಾನೆ. ಆ ಮೊದಲ ಒಂದೆರಡು ನಿಮಿಷದಲ್ಲಿ ಬಾಯಿಗೆ ನೀರು ಹೋಗಿ ಸಾಯುವವರೇ ಬಹಳ. ಆಮೇಲೆ ಬೆರಳು ಮರಗಟ್ಟುತ್ತವೆ. ಗುಂಡಿ ಒತ್ತಲು, ಹಗ್ಗ ಬಿಚ್ಚಲು ಆಗದು. ಇಂಥಲ್ಲಿ ರಬ್ಬರಿನ ಎರಡು ಬಗೆಯ ಉಡುಪುಂಟು. ಒಂದರಲ್ಲಿ ನೀರು ಒಳಗೆ ಬರುತ್ತದೆ, ಆದರೆ ತೆಳುವಾದ ಪದರವಾಗಿ ನಿಂತು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಇನ್ನೊಂದರಲ್ಲಿ ಕತ್ತು ಮುಂಗೈಗಳನ್ನು ಬಿಗಿಯಾಗಿ ಮುಚ್ಚಿ, ನೀರೇ ಬಾರದಂತೆ ಮಾಡಿ, ಒಳಗೆ ಉಣ್ಣೆಯ ಬಟ್ಟೆ ತೊಟ್ಟು, ಸುತ್ತ ಗಾಳಿ ತುಂಬಿಕೊಂಡಿರುತ್ತಾರೆ. ನಮ್ಮ ಹುಡುಗರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿಯುತ್ತಿದ್ದರಲ್ಲ, ಇಡೀ ಮೈಯೇ ಸೋರೆಬುರುಡೆಯಾದಂತೆ ಅದು. ಅದನ್ನು ತೊಟ್ಟು ಅಡ್ಡಾದಿಡ್ಡಿ ತೇಲದೆ ಒಂದೇ ಆಳದಲ್ಲಿ ನಿಲ್ಲುವುದು ಬೇರೆಯೇ ಒಂದು ವಿದ್ಯೆ. ರನ್ನನ ಕೌರವನು ಸ್ಕಾಪಾ ಫ್ಲೋದಲ್ಲಿ ಅಡಗಿದ್ದರೆ ಬೆವರುವ ಪ್ರಸಂಗವೇ ಬರುತ್ತಿರಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಅಲ್ಲಿಗೇಕೆ ಹೋಗುತ್ತಾರೆಂದರೆ, ಅಲ್ಲಿ ಹಡಗು ಹಡಗಾಗಿಯೇ ಉಳಿದಿರುತ್ತದೆ. ಬಾಲ್ಟಿಕ್ ಸಮುದ್ರದ ಕಥೆ ಇದಕ್ಕಿಂತ ಸೋಜಿಗದ್ದು. ಸ್ವೀಡನ್ನಿನ ವಾಸಾ ಎಂಬ ಮರದ ಯುದ್ಧನೌಕೆ 1628ರ ಆಗಸ್ಟ್ 10ರಂದು ತನ್ನ ಮೊದಲನೆಯ ಪಯಣದಲ್ಲಿಯೇ, ಸ್ಟಾಕ್‌ಹೋಮ್ ಬಂದರಿನೊಳಗೇ ಗಾಳಿಗೆ ವಾಲಿ ಮುಳುಗಿತು. ಮುಳುಗುಗಾರರು ಅದರ ಕೆಳಗೆ ಕೆಸರಿನಲ್ಲಿ ಆರು ಸುರಂಗಗಳನ್ನು ಕೊರೆದು ಉಕ್ಕಿನ ಹಗ್ಗ ಹಾಯಿಸಿದ ಮೇಲೆ, 333 ವರ್ಷಗಳ ತರುವಾಯ, 1961ರ ಏಪ್ರಿಲ್ 24ರಂದು ಇಡಿಯ ಹಡಗು ಮೇಲೆ ಬಂತು. ಕೆತ್ತನೆಯ ಸಿಂಹಗಳು ಸಹ ಉಳಿದಿದ್ದವು. ಇದಕ್ಕೆ ಚಳಿ ಒಂದೇ ಕಾರಣವಲ್ಲ. ಬಾಲ್ಟಿಕ್ ನೀರಿನಲ್ಲಿ ಉಪ್ಪು ಬಹಳ ಕಡಿಮೆ, ಆದ್ದರಿಂದ ಅಲ್ಲಿ ಹಡಗುಹುಳು ಬಾಳುವುದಿಲ್ಲ. ಹೆಸರಿಗೆ ಹುಳುವಾದರೂ ಅದು ಜಾತಿಯಿಂದ ಚಿಪ್ಪಿನ ಪ್ರಾಣಿ. ಎರಡು ಚಿಪ್ಪುಗಳನ್ನು ಉಳಿಯಂತೆ ಬಳಸಿ ಮರ ಕೊರೆದು ತಿನ್ನುತ್ತದೆ. ನಮ್ಮ ಮನೆಯ ತೊಲೆಗೆ ಗೆದ್ದಲು ಹೇಗೋ ಕಡಲಿನ ಮರಕ್ಕೆ ಇದು ಹಾಗೆ.

ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿನದು, ಉಪ್ಪಿನದು. ಈ ಪ್ರಾಣಿಗೆ ಅದು ಹಬ್ಬದೂಟ. ಹಳೆಯ ಮರದ ಹಡಗು ಇಲ್ಲಿ ಮುಳುಗಿದರೆ ಮರಳಿನಡಿ ಹೂತುಹೋದ ಭಾಗ ಹೇಗೋ ಉಳಿದೀತು; ಮಿಕ್ಕದ್ದು ಕೆಲವು ವರ್ಷಗಳಲ್ಲಿ ಮಾಯ. ಉಳಿಯುವುದು ಹಡಗು ಹೊತ್ತಿದ್ದ ಸರಕು. ಆದ್ದರಿಂದ ನಮ್ಮ ಕಡಲಿನಲ್ಲಿ ಮುಳುಗುವವನು ಹಡಗನ್ನು ನೋಡುವುದಿಲ್ಲ, ಅದರ ಹೊರೆಯನ್ನು ನೋಡುತ್ತಾನೆ. ಉಕ್ಕಿನ ಇತ್ತೀಚಿನ ಹಡಗುಗಳ ಮಾತು ಬೇರೆ. 2022ರ ಜೂನಿನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿಗಳನ್ನು ಹೊತ್ತ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿದುದೂ, ಅದರ 15 ಮಂದಿ ಸಿರಿಯಾದ ನಾವಿಕರನ್ನು ಕರಾವಳಿ ರಕ್ಷಣಾ ಪಡೆಯವರು ಉಳಿಸಿದುದೂ ತಮಗೆ ನೆನಪಿರಬಹುದು.

ಈ ಹಳೆಯ ಹೊರೆಗಳನ್ನು ಶಾಸ್ತ್ರೀಯವಾಗಿ ನೋಡುವ ಕೆಲಸ ನಮ್ಮ ನೆರೆಯ ಗೋವೆಯಲ್ಲಿಯೇ ನಡೆದಿದೆ. ಘಟಪ್ರಭಾ ಸ್ಟೇಶನ್ನಿನಿಂದ ರೈಲು ಹಿಡಿದು ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಪಕ್ಕದಲ್ಲಿ ಘಟ್ಟ ಇಳಿದರೆ ಗೋವೆ ಬರುತ್ತದೆ. ಅಲ್ಲಿನ ದೋನಾಪಾವುಲದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಿದೆ, 1966ರಲ್ಲಿ ಸ್ಥಾಪನೆಯಾದುದು. ಅದರಲ್ಲಿ 1981ರಲ್ಲಿ ಸಮುದ್ರ ಪುರಾತತ್ತ್ವದ ಕೇಂದ್ರವನ್ನು ಕಟ್ಟಿದವರು, ಲೋಥಲ್ ಉತ್ಖನನದಿಂದ ಹೆಸರಾದ ನಮ್ಮ ಕನ್ನಡಿಗರೇ ಆದ ಡಾ. ಶಿಕಾರಿಪುರ ರಂಗನಾಥ ರಾವ್. ದ್ವಾರಕೆಯ ಕಡಲಿನ ಶೋಧದ ಮೂಲಕ ಅವರ ಹೆಸರು ಮನೆಮಾತಾಯಿತು. 2013ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಆ ಕೇಂದ್ರದ ಮುಳುಗುಗಾರ ವಿದ್ವಾಂಸರು ಗೋವೆಯ ಕರಾವಳಿಯ ಸುಂಚಿ ಎಂಬ ಬಂಡೆಸಾಲಿನ ಹತ್ತಿರ, ಹೆಚ್ಚು ಆಳವಿಲ್ಲದ ನೀರಿನಲ್ಲಿ, 17ನೆಯ ಶತಮಾನದ ಆದಿಭಾಗದ ಪೋರ್ಚುಗೀಸ್ ಹಡಗೊಂದರ ಅವಶೇಷಗಳನ್ನು ಕಂಡರು. ತೋಪುಗಳು, ಚೀನೀ ಪಿಂಗಾಣಿಯ ಚೂರುಗಳು, ದೊಡ್ಡ ಜಾಡಿಗಳ ಒಡಕು ಇವೆಲ್ಲ ಸಿಕ್ಕವು. ಜೊತೆಗೆ ಆನೆಯ ದಂತ ಮತ್ತು ನೀರಾನೆಯ ಹಲ್ಲು. ಆನೆ ನಮ್ಮಲ್ಲಿಯೂ ಉಂಟು, ನೀರಾನೆ ನಮ್ಮ ಕಾಡಿನ ಪ್ರಾಣಿಯಲ್ಲ. ಆಫ್ರಿಕದ ಹೊಳೆಯ ಪ್ರಾಣಿಯ ಹಲ್ಲು, ಚೀನದ ಬಟ್ಟಲು, ಯುರೋಪಿನ ತೋಪು, ಮೂರೂ ಒಂದು ಬಂಡೆಯ ಬುಡದಲ್ಲಿ! ಆ ಕಾಲದ ಗೋವೆಯ ಸಂತೆ ಹೇಗಿದ್ದೀತೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆದರೆ ನನ್ನ ಮನಸ್ಸನ್ನು ಹಿಡಿದುಕೊಂಡದ್ದು ಇನ್ನೊಂದು ಶೋಧ. ಗೋವೆಯ ಕರಾವಳಿಯದೇ ಆದ ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ಅವರು ಮುಳುಗಿದಾಗ ತೋಪೂ ದಂತವೂ ಕಾಣಲಿಲ್ಲ. ಕಂಡದ್ದು ಸುಟ್ಟ ಮಣ್ಣಿನ ಸಾಮಾನು: ಮಾಡಿನ ಹೆಂಚು, ನೆಲಹಾಸಿನ ಬಿಲ್ಲೆ, ನೀರಿನ ಕೊಳವೆ, ಪೊಳ್ಳುಕಂಬದ ತುಂಡುಗಳು, ಗ್ರೀಕರ ಮಾದರಿಯಲ್ಲಿ ಎಲೆಗಳನ್ನು ಮೂಡಿಸಿದ ಬೋದಿಗೆ. ಅವುಗಳ ಮೇಲಿನ ಅಚ್ಚನ್ನು ಓದಿದರೆ, ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಹೆಸರು, 1865 ಎಂಬ ವರ್ಷ! ನಮ್ಮ ಮಂಗಳೂರಿನ ಹೆಂಚು.

ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣನ್ನು ನೆಚ್ಚಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿ 1865ರಲ್ಲಿ ಆ ಕಾರ್ಖಾನೆಯನ್ನು ತೆರೆದ. ಒಂದರ ತೋಡಿನಲ್ಲಿ ಇನ್ನೊಂದರ ಏಣು ಕೂರುವ ಆ ಹೆಂಚು ಹಗುರ, ಅಗ್ಗ, ಘಟ್ಟದ ಮಳೆಗೂ ಸೋರದು. ಬೇಗನೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲಿಯೂ ಕಾರ್ಖಾನೆಗಳಾದವು. ಹೆಂಚು ಏಡನ್ನಿಗೂ ಪೂರ್ವ ಆಫ್ರಿಕಕ್ಕೂ ಹಡಗು ಹತ್ತಿತು. ಕನ್ನಡ ಓದುವವರಿಗೆ ಈ ಮಿಶನ್ನಿನ ಪರಿಚಯ ಬೇರೆ ದಾರಿಯಿಂದ ಆಗಿರುತ್ತದೆ. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಈ ಮಿಶನ್ನಿನವನು. ಧಾರವಾಡದ ನೆಲದಲ್ಲಿ ಕನ್ನಡ ಕಲಿತ ಕಿಟ್ಟೆಲನೂ ಇದರವನೇ. ಅವನ ಮಹಾನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಿದ್ದದ್ದೂ ಇದರ ಆಶ್ರಯದಲ್ಲಿಯೇ. ಒಂದು ಮಿಶನ್ನು ಒಂದು ಕಡೆ ಅಕ್ಷರವನ್ನು ಅಚ್ಚಿಗೆ ಹಾಕಿತು, ಇನ್ನೊಂದು ಕಡೆ ಮಣ್ಣನ್ನು ಅಚ್ಚಿಗೆ ಹಾಕಿತು. ಕಿಟ್ಟೆಲನ ನಿಘಂಟು ಉಪ್ಪುನೀರಿಗೆ ಬಿದ್ದಿದ್ದರೆ ಎಂಟು ದಿನ ಬಾಳುತ್ತಿರಲಿಲ್ಲ. ಹೆಂಚಿನ ಮೇಲಿನ ಅಕ್ಷರ ಶತಮಾನ ದಾಟಿ ಓದಲು ಬರುತ್ತಿದೆ.

ಹಡಗು 1865ರಲ್ಲಿ ಮುಳುಗಿತೆಂದು ಅವಸರದಿಂದ ತೀರ್ಮಾನಿಸಬಾರದು. ಅದು ಕಾರ್ಖಾನೆ ಹುಟ್ಟಿದ ವರ್ಷ. ಮುಂದೆಯೂ ಅದೇ ಅಚ್ಚು ಬಿದ್ದಿರಬಹುದು. ಒಂದು ಕಾವ್ಯದಲ್ಲಿ ಹೊಯ್ಸಳ ಬಲ್ಲಾಳನ ಹೆಸರು ಬಂದರೆ ಆ ಕಾವ್ಯ ಬಲ್ಲಾಳನಿಗಿಂತ ಹಿಂದಿನದಲ್ಲ ಎಂದಷ್ಟೇ ನಾವು ಕವಿಕಾಲವಿಚಾರದಲ್ಲಿ ಹೇಳುತ್ತೇವಲ್ಲವೆ? ಇಲ್ಲಿಯೂ ಅದೇ ನ್ಯಾಯ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಸರಕಿನ ಬಗೆ. ಬರಿಯ ಹೆಂಚಲ್ಲ, ಕಂಬ, ಬೋದಿಗೆ, ಕೊಳವೆ, ನೆಲದ ಬಿಲ್ಲೆ, ಎಲ್ಲವೂ ಒಟ್ಟಿಗಿವೆ. ಎಲ್ಲಿಯೋ ಒಂದು ದೊಡ್ಡ ಕಟ್ಟಡ ಏಳುವುದಿತ್ತು. ಅದರ ಕಂಬಗಳು ಕಡಲಿನಲ್ಲಿಯೇ ಮಲಗಿದವು.

ಕೆಂಪು ಹೆಂಚು ಕೆಳಗೆ ಕೆಂಪಾಗಿ ಕಾಣುವುದಿಲ್ಲವೆಂಬುದು ಇನ್ನೊಂದು ಸ್ವಾರಸ್ಯ. ಸೂರ್ಯನ ಬೆಳಕಿನ ಕೆಂಪು ಅಂಶವನ್ನು ನೀರು ಎಲ್ಲಕ್ಕಿಂತ ಮೊದಲು ನುಂಗುತ್ತದೆ. ಕೆಲವು ಮೀಟರ್ ಇಳಿದರೆ ಹೆಂಚಿಗೂ ಕಲ್ಲಿಗೂ ಒಂದೇ ಬೂದುಬಣ್ಣ. ಟಾರ್ಚಿನ ಬೆಳಕು ಬಿಟ್ಟೊಡನೆ ಆ ಒಂದು ವರ್ತುಲದಲ್ಲಿ ಮಾತ್ರ ಮಂಗಳೂರಿನ ಬಣ್ಣ ಮರಳಿ ಬರುತ್ತದೆ. ಮುಖಗವಸಿನ ಗಾಜಿನಿಂದ ನೋಡುವವನಿಗೆ ಎಲ್ಲವೂ ಮೂರನೆಯ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುವುದರಿಂದ ಹೊಸಬರು ಕೈಚಾಚಿ ಬರಿಯ ನೀರನ್ನು ಹಿಡಿಯುತ್ತಾರಂತೆ.

ಹೊಸಬರ ಕೈಚಾಚುವ ಚಾಳಿಯೇ ಇಲ್ಲಿ ದೊಡ್ಡ ತೊಂದರೆ. ನನ್ನ ಶಿಷ್ಯನು ಒಂದು ಚಳಿಗಾಲ ಗೋವೆಯ ದ್ವೀಪಗಳ ಬಳಿ ಮುಳುಗಿದ ಹಡಗೊಂದಕ್ಕೆ ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದ. ಒಬ್ಬ ಸುಶಿಕ್ಷಿತ ಗೃಹಸ್ಥರು ಮೇಲೆ ಬಂದಾಗ ಕೈಯಲ್ಲಿ ಲೋಹದ ಒಂದು ತುಂಡಿತ್ತಂತೆ. ಮನೆಯ ಕಪಾಟಿನಲ್ಲಿಡುತ್ತೇನೆ, ಇಷ್ಟು ಹಣ ಕೊಟ್ಟಿದ್ದೇನಲ್ಲ ಎಂದರಂತೆ. “ನೀವು ಕೊಟ್ಟದ್ದು ನೋಡಾಕ, ಒಯ್ಯಾಕ ಅಲ್ಲರೀ ಸಾಹೇಬ್ರ” ಎಂದು ಹೇಳಿ ಇವನು ಅದನ್ನು ಮರುದಿನ ಇದ್ದಲ್ಲಿಯೇ ಇಟ್ಟುಬಂದ. ಕನ್ನಡದಲ್ಲಿ ಅವನಿಗೆ ಅಂದು ನಾನು ಕೊಟ್ಟ ಅಂಕಗಳು ಕಡಿಮೆಯೇನಲ್ಲ, ಆದರೆ ಈ ವಾಕ್ಯಕ್ಕೆ ಇನ್ನೂ ಹೆಚ್ಚು ಕೊಡಬಹುದು.

ಒಂದು ತುಂಡು ಎತ್ತಿದರೆ ಏನಾದೀತು? ಇಲ್ಲಿ ಪಾತಾಳಗರಡಿ ಬರುತ್ತದೆ. ಬಾವಿಯಲ್ಲಿ ಬಿದ್ದ ಕೊಡ ನಮ್ಮದೇ, ಅದು ಹೇಗೆ ಬಿದ್ದಿತ್ತೆಂಬುದು ಬೇಕಾಗಿಲ್ಲ. ಮೇಲೆ ಬಂದರೆ ಸಾಕು. ಹಡಗಿನ ಸರಕು ಹಾಗಲ್ಲ. ಯಾವ ಹೆಂಚಿನ ಮೇಲೆ ಯಾವ ಕಂಬ, ಯಾವುದರ ಕೆಳಗೆ ಜಾಡಿ ಎಂಬ ಜೋಡಣೆಯಿಂದಲೇ ಹಡಗಿನ ಉದ್ದ, ಅದು ವಾಲಿದ ಮಗ್ಗುಲು, ಒಡೆದ ರೀತಿ ತಿಳಿಯಬೇಕು. ಓಲೆಗರಿಯ ಕಟ್ಟಿನ ದಾರ ಕಿತ್ತು ಗರಿಗಳನ್ನು ಗಾಳಿಗೆ ತೂರಿದ ಮೇಲೆ, ಒಂದೊಂದು ಗರಿಯೂ ಓಲೆಯೇ, ಆದರೆ ಗ್ರಂಥವೆಲ್ಲಿ? ಅದಕ್ಕಾಗಿಯೇ ವಿದ್ವಾಂಸರು ನೀರೊಳಗೆ ದಾರದಿಂದ ಚೌಕಗಳನ್ನು ಕಟ್ಟಿ, ಅಳೆದು, ಚಿತ್ರ ಬರೆದು, ಆಮೇಲೆ ಬೇಕಾದ್ದನ್ನು ಮಾತ್ರ ಎತ್ತುತ್ತಾರೆ. ಎತ್ತಿದ ಮೇಲೂ ಕೆಲಸ ಮುಗಿಯದು. ನೂರು ವರ್ಷ ಉಪ್ಪುನೀರು ಕುಡಿದ ಮಣ್ಣನ್ನು ಬಿಸಿಲಿಗಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಪುಡಿಪುಡಿ ಮಾಡುತ್ತದೆ. ಕಾಲುವೆಯ ನೀರು ಹೆಚ್ಚಾಗಿ ಸವಳು ಹಿಡಿದ ಹೊಲವನ್ನೂ, ಬುಡದಿಂದ ಉದುರುವ ಗೋಡೆಯನ್ನೂ ಕಂಡ ಮೂಡಲಗಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಂಗಳುಗಟ್ಟಲೆ ಸಿಹಿನೀರಿನಲ್ಲಿಟ್ಟು, ನೀರು ಬದಲಿಸುತ್ತ, ಉಪ್ಪನ್ನು ಬಿಡಿಸಬೇಕು. ವಾಸಾ ಹಡಗಿನ ಮರ ಒಣಗಿ ಸೀಳದಿರಲೆಂದು ಮೇಣದಂಥ ದ್ರಾವಣವನ್ನು 17 ವರ್ಷ ಸಿಂಪಡಿಸಿದರು. ಕಪಾಟಿನಲ್ಲಿಡುವ ಗೃಹಸ್ಥರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಕಾನೂನೂ ಇದೆ. ನೂರು ವರ್ಷ ದಾಟಿದ ಇಂಥ ವಸ್ತು ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಪ್ರಾಚ್ಯವಸ್ತುವೇ. ನೀರೊಳಗಿನ ಪರಂಪರೆಯನ್ನು ಕುರಿತು ಯುನೆಸ್ಕೊ 2001ರಲ್ಲಿ ಅಂಗೀಕರಿಸಿದ ಒಪ್ಪಂದವು, ಇದ್ದಲ್ಲಿಯೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ. ಎತ್ತಿ ಮಾರುವ ವ್ಯಾಪಾರವನ್ನು ಒಪ್ಪುವುದಿಲ್ಲ.

ಕಡಲಿಗಿಳಿಯದೆಯೂ ನಾವು ಈ ಕೆಲಸಕ್ಕೆ ಒಂದು ಕೈ ಹಚ್ಚಬಹುದು. ನೀರಿನಲ್ಲಿ ಸಿಕ್ಕ ಮುದ್ರೆಯ ಕಾಲ ತಿಳಿಯಬೇಕಾದರೆ ನೆಲದ ಮೇಲಿನ ಮುದ್ರೆಗಳೊಡನೆ ಹೋಲಿಸಬೇಕು. ಕಟ್ಟಿದ ವರ್ಷ ಗೊತ್ತಿರುವ ಹಳೆಯ ಮನೆ, ಶಾಲೆ, ಕಚೇರಿಗಳ ಮಾಡಿನಲ್ಲಿ ಆ ಮುದ್ರೆಗಳಿವೆ. ನಮ್ಮ ಮೂರು ತಾಲೂಕುಗಳಲ್ಲಿ ಇಂಥ ಕಟ್ಟಡಗಳನ್ನು ಒಂದೊಂದಾಗಿ ಕೆಡವಿ ಸಿಮೆಂಟಿನ ಛಾವಣಿ ಹಾಕುತ್ತಿದ್ದಾರೆ. ಹೆಂಚು ಟ್ರ್ಯಾಕ್ಟರಿನಲ್ಲಿ ಹೋಗಿ ಹಳ್ಳಕ್ಕೆ ಬೀಳುತ್ತದೆ. ಬೀಳುವ ಮುಂಚೆ ತಳವನ್ನು ತಿರುಗಿಸಿ ಕಾರ್ಖಾನೆಯ ಹೆಸರು, ಊರು, ವರ್ಷವಿದ್ದರೆ ವರ್ಷ, ಬರೆದುಕೊಳ್ಳಿ. ಕಟ್ಟಡದ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ನಮ್ಮ ಶಾಲೆಯ ಹಳೆಯ ಕೋಣೆಗೆ ಹೆಂಚು ತಿರುಗಿ ಹೊದಿಸುವಾಗ ಒಂಬತ್ತನೆಯ ಇಯತ್ತೆಯ ಹುಡುಗ ಹುಡುಗಿಯರು ಒಂದು ನೋಟುಬುಕ್ಕು ಮಾಡಿದ್ದಾರೆ. ಈವರೆಗೆ ನಾಲ್ಕು ಬಗೆಯ ಅಚ್ಚು ಸಿಕ್ಕಿವೆ. ಇನ್ನೊಂದು ಬದಿಯ ಮಾಡು ಉಳಿದಿದೆ. ಮಿರಗದ ಮಳೆಗೆ ಮೊದಲು ಅದನ್ನೂ ಇಳಿಸಿ, ಓದಿ, ಮತ್ತೆ ಏರಿಸಬೇಕಾಗಿದೆ.